ಪ್ರಯೋಗಾಲಯದ ಮೊದಲ ಮೆಟ್ಟಿಲು: ಆಲಿವರ್ ಹೆವಿಸೈಡ್ ಅವರ ಬದುಕು

ವಿಶ್ವವಿದ್ಯಾಲಯಗಳ ಎಂಜಿನಿಯರಿಂಗ್ ವಿಭಾಗಗಳಲ್ಲಿ ರೇಖೀಯ ನಿಯಂತ್ರಣ ವ್ಯವಸ್ಥೆಗಳ ಪ್ರಯೋಗಾಲಯ ಎಂಬ ಒಂದು ಪಾಠವಿರುತ್ತದೆ. ಯಂತ್ರವೊಂದು ತನಗೆ ಕೊಟ್ಟ ಆಜ್ಞೆಯನ್ನು ಎಷ್ಟು ಬೇಗ, ಎಷ್ಟು ನಿಖರವಾಗಿ, ಎಷ್ಟು ಸ್ಥಿರವಾಗಿ ಪಾಲಿಸುತ್ತದೆ ಎಂಬುದನ್ನು ಅಳೆದು ತಿಳಿಯುವ ವಿದ್ಯೆ ಅದು. ಅಲ್ಲಿ ವಿದ್ಯಾರ್ಥಿ ಆರಂಭದಲ್ಲಿ ಮಾಡುವ ಕೆಲಸ ಬಹಳ ಸರಳ. ಮೇಜಿನ ಮೇಲಿರುವ ಮೋಟಾರಿಗೋ, ರೋಧಕ ಮತ್ತು ಕೆಪಾಸಿಟರ್ ಜೋಡಿಸಿದ ಚಿಕ್ಕ ವಿದ್ಯುನ್ಮಂಡಲಕ್ಕೋ ಅಲ್ಲಿಯವರೆಗೆ ಸೊನ್ನೆಯಾಗಿದ್ದ ವೋಲ್ಟೇಜನ್ನು ಒಮ್ಮೆಲೇ 5 ವೋಲ್ಟಿಗೆ ಏರಿಸಿ, ಅದು ಏನು ಮಾಡುತ್ತದೆಂದು ಆಸಿಲೋಸ್ಕೋಪಿನ ಪರದೆಯ ಮೇಲೆ ನೋಡುವುದು. ಹೀಗೆ ಒಂದೇ ಕ್ಷಣದಲ್ಲಿ ಸೊನ್ನೆಯಿಂದ ಮೇಲಕ್ಕೆ ಹಾರಿ ಅಲ್ಲೇ ನಿಲ್ಲುವ ಸಂಕೇತವನ್ನು ಎಂಜಿನಿಯರುಗಳು ಸ್ಟೆಪ್, ಅಂದರೆ ಮೆಟ್ಟಿಲು ಎನ್ನುತ್ತಾರೆ. ಪಠ್ಯಪುಸ್ತಕಗಳಲ್ಲಿ ಅದಕ್ಕೆ ಹೆವಿಸೈಡ್ ಫಂಕ್ಷನ್ ಎಂಬ ಇನ್ನೊಂದು ಹೆಸರೂ ಇದೆ.

ಆ ಹೆಸರಿನ ವ್ಯಕ್ತಿ ಯಾವ ವಿಶ್ವವಿದ್ಯಾಲಯದಲ್ಲೂ ಓದಿದವರಲ್ಲ. ಹದಿನಾರನೆಯ ವಯಸ್ಸಿಗೆ ಅವರ ಶಾಲೆ ಮುಗಿಯಿತು, ಇಪ್ಪತ್ತನಾಲ್ಕನೆಯ ವಯಸ್ಸಿಗೆ ಉದ್ಯೋಗ ಮುಗಿಯಿತು. ಆ ಮೇಲಿನ ಐವತ್ತು ವರ್ಷಗಳನ್ನು ಅವರು ಓದುತ್ತ, ಬರೆಯುತ್ತ, ಬಹುಪಾಲು ಒಂಟಿಯಾಗಿ ಕಳೆದರು. ಇಂದು ಜಗತ್ತಿನ ಎಲ್ಲ ವಿದ್ಯುತ್ ಎಂಜಿನಿಯರುಗಳೂ ಕಲಿಯುವ ಗಣಿತದ ಒಂದು ಮುಖ್ಯ ಭಾಗವನ್ನು ಅವರು ಬರೆದುಕೊಟ್ಟಾಗ, ಅಂದಿನ ವಿದ್ವತ್ಸಂಸ್ಥೆ ಅದನ್ನು ಪ್ರಕಟಿಸಲೊಪ್ಪದೆ ಹಿಂದಿರುಗಿಸಿತು. ಉತ್ತರ ಸರಿಯಿದ್ದು ವಿಧಾನ ಒಪ್ಪಿಗೆಯಾಗದಿದ್ದಾಗ ಏನು ಮಾಡಬೇಕೆಂಬುದು ಮೌಲ್ಯಮಾಪನಕ್ಕೆ ಕುಳಿತ ಯಾವ ಶಿಕ್ಷಕರಿಗೂ ಹೊಸ ಪ್ರಶ್ನೆಯಲ್ಲ. ಹೆವಿಸೈಡರ ಬದುಕಿನ ಉದ್ದಕ್ಕೂ ಕಾಣುವುದು ಆ ಪ್ರಶ್ನೆಯೇ.

ಕ್ಯಾಮ್ಡೆನ್ ಟೌನಿನ ಬಾಲ್ಯ

ಆಲಿವರ್ ಹೆವಿಸೈಡ್ ಹುಟ್ಟಿದ್ದು 1850ರ ಮೇ 18ರಂದು, ಲಂಡನ್ ನಗರದ ಕ್ಯಾಮ್ಡೆನ್ ಟೌನ್ ಎಂಬ ಬಡಾವಣೆಯಲ್ಲಿ. ತಂದೆ ಥಾಮಸ್ ಮರದ ಅಚ್ಚುಗಳಲ್ಲಿ ಚಿತ್ರ ಕೆತ್ತುವ ಕುಶಲಕರ್ಮಿ. ನಾಲ್ವರು ಗಂಡುಮಕ್ಕಳಲ್ಲಿ ಆಲಿವರ್ ಕೊನೆಯವರು. ಕೆತ್ತನೆಯ ಸಂಪಾದನೆ ಸಂಸಾರಕ್ಕೆ ಸಾಲುತ್ತಿರಲಿಲ್ಲವಾದ್ದರಿಂದ ತಾಯಿ ರೇಚಲ್ ಮಕ್ಕಳಿಗಾಗಿ ಒಂದು ಪುಟ್ಟ ಶಾಲೆ ನಡೆಸುತ್ತಿದ್ದರು. ಎಳವೆಯಲ್ಲೇ ಬಂದ ಸ್ಕಾರ್ಲೆಟ್ ಜ್ವರ ಬಾಲಕನ ಕಿವಿಯ ಶಕ್ತಿಯನ್ನು ಬಹುಮಟ್ಟಿಗೆ ಕುಗ್ಗಿಸಿತು. ಓರಗೆಯ ಮಕ್ಕಳ ಆಟಪಾಠಗಳಿಂದ ದೂರ ಉಳಿದು ತನ್ನಷ್ಟಕ್ಕೆ ತಾನಿರುವ ಸ್ವಭಾವ ಆಗಲೇ ಬೆಳೆಯಿತು. ಮುಂದೆ ಶ್ರವಣಶಕ್ತಿ ಸ್ವಲ್ಪ ಸುಧಾರಿಸಿದರೂ ಆ ಸ್ವಭಾವ ಬದಲಾಗಲಿಲ್ಲ.

ಹದಿಮೂರನೆಯ ವಯಸ್ಸಿನ ಹೊತ್ತಿಗೆ ಮನೆಗೆ ಬಂದ ಸಣ್ಣ ಪಿತ್ರಾರ್ಜಿತ ಹಣದಿಂದ ಆಲಿವರ್ ಒಳ್ಳೆಯ ಶಾಲೆಯೊಂದನ್ನು ಸೇರುವಂತಾಯಿತು. 1865ರಲ್ಲಿ ಐನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು ಬರೆದ ಪರೀಕ್ಷೆಯಲ್ಲಿ ಅವರಿಗೆ ಐದನೆಯ ಸ್ಥಾನ ಬಂತು. ಆದರೆ ರೇಖಾಗಣಿತದಲ್ಲಿ ಮಾತ್ರ ಅಂಕ ತೀರಾ ಕಡಿಮೆ. ಯೂಕ್ಲಿಡನ ಪ್ರಮೇಯಗಳನ್ನು ಸಾಲುಸಾಲಾಗಿ ಬಾಯಿಪಾಠ ಮಾಡಿ ಒಪ್ಪಿಸುವ ಅಂದಿನ ಕ್ರಮವನ್ನು ಅವರು ಜೀವನಪೂರ್ತಿ ವಿರೋಧಿಸಿದರು. ಮಕ್ಕಳು ಕೈಯಿಂದ ಅಳೆದು, ಬರೆದು, ಮಾಡಿ ನೋಡಿ ರೇಖಾಗಣಿತವನ್ನು ಅರಿಯಬೇಕು, ಸಾಧನೆಯ ತರ್ಕ ಆಮೇಲೆ ಬರಬೇಕು ಎಂಬುದು ಅವರ ನಿಲುವಾಗಿತ್ತು.

ಹದಿನಾರಕ್ಕೆ ಶಾಲೆ ಮುಗಿಯಿತು. ಮುಂದೆ ಓದಿಸುವ ಶಕ್ತಿ ಮನೆಗಿರಲಿಲ್ಲ. ಆದರೆ ನಂಟಿನಲ್ಲೊಂದು ಭಾಗ್ಯವಿತ್ತು. ತಾಯಿಯ ಸಹೋದರಿಯ ಪತಿ, ಇಂಗ್ಲೆಂಡಿನಲ್ಲಿ ವಿದ್ಯುತ್ ಟೆಲಿಗ್ರಾಫ್ ಬಳಕೆಗೆ ತಂದವರಲ್ಲಿ ಒಬ್ಬರಾದ ಸರ್ ಚಾರ್ಲ್ಸ್ ವೀಟ್‌ಸ್ಟನ್. ನಮ್ಮ ಪದವಿಪೂರ್ವ ತರಗತಿಯ ಭೌತಶಾಸ್ತ್ರದಲ್ಲಿ ಬರುವ ವೀಟ್‌ಸ್ಟನ್ ಸೇತುವೆಗೆ ಹೆಸರು ಬಂದದ್ದು ಅವರಿಂದಲೇ. ಹೆವಿಸೈಡ್ ಸಹೋದರರು ಟೆಲಿಗ್ರಾಫ್ ಉದ್ಯೋಗದತ್ತ ತಿರುಗಲು ಈ ನಂಟು ದಾರಿಯಾಯಿತು.

ತಂತಿಯ ಕೀಲಿ

1868ರಲ್ಲಿ ಇಂಗ್ಲೆಂಡ್ ಮತ್ತು ಡೆನ್ಮಾರ್ಕ್ ನಡುವೆ ಸಮುದ್ರದ ತಳದಲ್ಲಿ ಹೊಸ ಕೇಬಲ್ ಹಾಕಲಾಯಿತು. ಹದಿನೆಂಟರ ಆಲಿವರ್ ಡೆನ್ಮಾರ್ಕಿನ ಫ್ರೆಡೆರಿಸಿಯಾ ಪಟ್ಟಣದಲ್ಲಿ ತಂತಿ ಕಚೇರಿಯ ಕೆಲಸಕ್ಕೆ ಸೇರಿದರು. 1871ರ ಹೊತ್ತಿಗೆ ಇಂಗ್ಲೆಂಡಿನ ನ್ಯೂಕ್ಯಾಸಲ್‌ಗೆ ಮರಳಿ ಅದೇ ಕಸುಬಿನಲ್ಲಿ ಮುಂದುವರಿದರು.

ಅವರ ಮುಂದಿನ ಚಿಂತನೆಯೆಲ್ಲ ಈ ಕಸುಬಿನಿಂದಲೇ ಮೊಳೆಯಿತು. ತಂತಿ ಕಳಿಸುವಾತ ಕೀಲಿಯನ್ನು ಒತ್ತಿದ ಕ್ಷಣ ತಂತಿಯ ಈ ತುದಿಯಲ್ಲಿ ವೋಲ್ಟೇಜ್ ಸೊನ್ನೆಯಿಂದ ಪೂರ್ಣಮಟ್ಟಕ್ಕೆ ಹಾರುತ್ತದೆ. ಅದೇ ಮೆಟ್ಟಿಲು. ಆದರೆ ನೂರಾರು ಮೈಲಿ ಕೇಬಲ್ ದಾಟಿ ಆ ಕಡೆಗೆ ತಲುಪುವಾಗ ಅದು ಮೆಟ್ಟಿಲಾಗಿ ಉಳಿದಿರುವುದಿಲ್ಲ. ಮೆಲ್ಲಗೆ ಏರುವ, ಅಂಚು ಕರಗಿದ ಒಂದು ದಿಣ್ಣೆಯಾಗಿರುತ್ತದೆ. ಕೀಲಿಯನ್ನು ಬೇಗಬೇಗ ಒತ್ತಿದರೆ ಒಂದು ದಿಣ್ಣೆಯ ಮೇಲೆ ಇನ್ನೊಂದು ಬಿದ್ದು ಸುದ್ದಿ ಕಲಸಿಹೋಗುತ್ತದೆ. ಡೆನ್ಮಾರ್ಕಿನ ಕೇಬಲಿನಲ್ಲಿ ಇನ್ನೊಂದು ವಿಚಿತ್ರವೂ ಇತ್ತು. ಒಂದು ದಿಕ್ಕಿನಲ್ಲಿ ಸುದ್ದಿಯನ್ನು ವೇಗವಾಗಿ ಕಳಿಸಬಹುದಾಗಿತ್ತು, ಎದುರು ದಿಕ್ಕಿನಲ್ಲಿ ಆಗುತ್ತಿರಲಿಲ್ಲ. ಎರಡು ತುದಿಗಳಲ್ಲಿರುವ ರೋಧಗಳು ಸಮನಾಗಿಲ್ಲದಿರುವುದೇ ಇದಕ್ಕೆ ಕಾರಣವೆಂದು ಹೆವಿಸೈಡ್ ಮುಂದೆ ಲೆಕ್ಕ ಹಾಕಿ ತೋರಿಸಿದರು. ಒಳಕ್ಕೆ ಒಂದು ಮೆಟ್ಟಿಲನ್ನು ಕೊಟ್ಟು ಹೊರಕ್ಕೆ ಏನು ಬರುತ್ತದೆಂದು ನೋಡಿ, ನಡುವಿನ ವ್ಯವಸ್ಥೆಯ ಗುಣವನ್ನು ಅರಿಯುವ ಕ್ರಮ ನಿಯಂತ್ರಣ ಪ್ರಯೋಗಾಲಯದಲ್ಲಿ ಇಂದಿಗೂ ನಡೆಯುತ್ತಿದೆ. ಹೆವಿಸೈಡರಿಗೆ ಅದು ಹೊಟ್ಟೆಪಾಡಿನ ದಿನನಿತ್ಯದ ಅನುಭವವಾಗಿತ್ತು.

1873ರಲ್ಲಿ ವೀಟ್‌ಸ್ಟನ್ ಸೇತುವೆಯನ್ನು ಕುರಿತು ಅವರು ಬರೆದ ಲೇಖನ ಫಿಲಸಾಫಿಕಲ್ ಮ್ಯಾಗಜೀನ್ ಎಂಬ ಗಣ್ಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೇಂಬ್ರಿಜ್‌ನ ಪ್ರಾಧ್ಯಾಪಕ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಅದನ್ನು ಗಮನಿಸಿದರು. ಮ್ಯಾಕ್ಸ್‌ವೆಲ್ಲರ ವಿದ್ಯುತ್ಕಾಂತೀಯ ಸಿದ್ಧಾಂತದ ಮಹಾಗ್ರಂಥ ಹೊರಬಂದದ್ದೂ ಅದೇ ವರ್ಷ. ಆ ಗ್ರಂಥವನ್ನು ತೆರೆದು ನೋಡಿದ ತಂತಿ ಗುಮಾಸ್ತರಿಗೆ ಅದರಲ್ಲಿ ಬಹುಪಾಲು ಅರ್ಥವಾಗಲಿಲ್ಲ. ಶಾಲೆಯಲ್ಲಿ ಕಲಿತ ಬೀಜಗಣಿತ ಮತ್ತು ತ್ರಿಕೋನಮಿತಿ ಅದಕ್ಕೆ ಏನೇನೂ ಸಾಲುತ್ತಿರಲಿಲ್ಲ. ಆದರೆ ಅದರಲ್ಲೇನೋ ಮಹತ್ತಾದದ್ದು ಇದೆಯೆಂದು ಮಾತ್ರ ಹೊಳೆಯಿತು. 1874ರಲ್ಲಿ ಅವರು ಕೆಲಸ ಬಿಟ್ಟು ತಂದೆತಾಯಿಯರ ಮನೆಗೆ ಹಿಂದಿರುಗಿದರು. ಮತ್ತೆಂದೂ ಯಾವ ಉದ್ಯೋಗಕ್ಕೂ ಸೇರಲಿಲ್ಲ.

ಮನೆಯ ಕೋಣೆಯಲ್ಲಿ ಕುಳಿತು, ಗುರುವಿಲ್ಲದೆ, ಅವಕಲನ ಅನುಕಲನಗಳಿಂದ ಹಿಡಿದು ಅಂದಿನ ಉನ್ನತ ಗಣಿತವನ್ನೆಲ್ಲ ಅವರೇ ಕಲಿತುಕೊಂಡರು. ಆಮೇಲೆ ಮ್ಯಾಕ್ಸ್‌ವೆಲ್ಲರ ಗ್ರಂಥಕ್ಕೆ ಮರಳಿ, ಅದನ್ನು ತಮ್ಮ ರೀತಿಯಲ್ಲಿ ಮತ್ತೆ ಕಟ್ಟಿದರು. ಮ್ಯಾಕ್ಸ್‌ವೆಲ್ ತಮ್ಮ ಸಿದ್ಧಾಂತವನ್ನು ಇಪ್ಪತ್ತು ಸಮೀಕರಣಗಳಲ್ಲಿ ಹೇಳಿದ್ದರು. ದಿಕ್ಕು ಮತ್ತು ಪರಿಮಾಣಗಳನ್ನು ಒಟ್ಟಿಗೆ ಹಿಡಿಯುವ ಸದಿಶಗಳ ಭಾಷೆಯನ್ನು ರೂಪಿಸಿಕೊಂಡು ಹೆವಿಸೈಡ್ 1884-85ರ ಸುಮಾರಿಗೆ ಅದರ ತಿರುಳನ್ನು ನಾಲ್ಕು ಸಮೀಕರಣಗಳಿಗೆ ಇಳಿಸಿದರು. ಅಮೆರಿಕದಲ್ಲಿ ಗಿಬ್ಸ್ ಇದೇ ಸದಿಶ ಗಣಿತವನ್ನೂ ಜರ್ಮನಿಯಲ್ಲಿ ಹರ್ಟ್ಸ್ ಮ್ಯಾಕ್ಸ್‌ವೆಲ್ ಸಮೀಕರಣಗಳ ಸರಳ ರೂಪವನ್ನೂ ಸ್ವತಂತ್ರವಾಗಿ ಕಂಡುಕೊಂಡರು. ಇಂದು ಮ್ಯಾಕ್ಸ್‌ವೆಲ್ ಸಮೀಕರಣಗಳೆಂದು ಕಾಲೇಜುಗಳಲ್ಲಿ ಕಲಿಸುವುದು ಈ ನಾಲ್ಕನ್ನೇ.

ಅಂಚೆ ಇಲಾಖೆಯೊಡನೆ ವಿವಾದ

1855ರಲ್ಲಿ ವಿಲಿಯಂ ಥಾಮ್ಸನ್, ಅಂದರೆ ಮುಂದಿನ ಲಾರ್ಡ್ ಕೆಲ್ವಿನ್, ಸಮುದ್ರ ಕೇಬಲಿನಲ್ಲಿ ವಿದ್ಯುತ್ತು ಲೋಹದ ಸರಳಿನಲ್ಲಿ ಶಾಖ ಹರಡುವಂತೆ ಹರಡುತ್ತದೆಂದು ತೋರಿಸಿದ್ದರು. ಆ ಲೆಕ್ಕದಲ್ಲಿ ಒಂದು ಅಂಶ ಬಿಟ್ಟುಹೋಗಿತ್ತು. ತಂತಿಯ ಸುತ್ತಲೂ ಕಾಂತಕ್ಷೇತ್ರ ಕಟ್ಟಿಕೊಳ್ಳುವುದರಿಂದ ಪ್ರವಾಹದ ಬದಲಾವಣೆಗೆ ಒಂದು ಬಗೆಯ ಜಡತ್ವ ಬರುತ್ತದೆ. ಅದನ್ನೇ ಇಂದು ಇಂಡಕ್ಟೆನ್ಸ್ ಎನ್ನುತ್ತೇವೆ. 1876ರಲ್ಲಿ ಹೆವಿಸೈಡ್ ಅದನ್ನು ಲೆಕ್ಕಕ್ಕೆ ಸೇರಿಸಿದರು. 1887ರ ಹೊತ್ತಿಗೆ ಅಚ್ಚರಿಯ ಫಲವೊಂದು ಹೊರಬಿತ್ತು. ತಂತಿಯ ರೋಧ, ಇಂಡಕ್ಟೆನ್ಸ್, ಕೆಪಾಸಿಟೆನ್ಸ್ ಮತ್ತು ಸೋರಿಕೆ ಈ ನಾಲ್ಕು ಒಂದು ನಿರ್ದಿಷ್ಟ ಪ್ರಮಾಣದಲ್ಲಿದ್ದರೆ, ಅಂದರೆ ರೋಧವನ್ನು ಇಂಡಕ್ಟೆನ್ಸಿನಿಂದ ಭಾಗಿಸಿದಾಗ ಬರುವುದೂ ಸೋರಿಕೆಯನ್ನು ಕೆಪಾಸಿಟೆನ್ಸಿನಿಂದ ಭಾಗಿಸಿದಾಗ ಬರುವುದೂ ಸಮನಾದರೆ, ಸಂಕೇತ ಕ್ಷೀಣಿಸಿದರೂ ಅದರ ಆಕಾರ ಕೆಡುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿಯೇ ತಲುಪುತ್ತದೆ. ಬಳಕೆಯಲ್ಲಿದ್ದ ತಂತಿಗಳಲ್ಲಿ ಇಂಡಕ್ಟೆನ್ಸ್ ತೀರಾ ಕಡಿಮೆ. ಆದ್ದರಿಂದ ಅದನ್ನು ಬೇಕೆಂದೇ ಹೆಚ್ಚಿಸಬೇಕು ಎಂಬುದು ಅವರ ತೀರ್ಮಾನ.

ಬ್ರಿಟಿಷ್ ಅಂಚೆ ಇಲಾಖೆಯ ಪ್ರಧಾನ ವಿದ್ಯುತ್ ತಜ್ಞ ವಿಲಿಯಂ ಹೆನ್ರಿ ಪ್ರೀಸ್ ಇದಕ್ಕೆ ತದ್ವಿರುದ್ಧವಾದ ಅಭಿಪ್ರಾಯ ಹೊಂದಿದ್ದರು. ಇಂಡಕ್ಟೆನ್ಸ್ ದೂರವಾಣಿಯ ಶತ್ರು, ಅದನ್ನು ಆದಷ್ಟು ಕಡಿಮೆ ಮಾಡಬೇಕೆಂದು ಅವರು ಬಹಿರಂಗವಾಗಿ ಸಾರುತ್ತಿದ್ದರು. ಆಲಿವರ್ ಅವರ ಅಣ್ಣ ಆರ್ಥರ್ ಅದೇ ಇಲಾಖೆಯಲ್ಲಿ ಎಂಜಿನಿಯರ್. ಅಣ್ಣತಮ್ಮಂದಿರು ಸೇರಿ 1887ರಲ್ಲಿ ಬರೆದ ದೂರವಾಣಿ ಮಂಡಲಗಳ ಪ್ರಬಂಧ ಪ್ರೀಸರ ಒಪ್ಪಿಗೆ ದೊರೆಯದೆ ಬೆಳಕು ಕಾಣಲಿಲ್ಲ. ಹೆವಿಸೈಡರ ಲೇಖನಮಾಲೆಯನ್ನು ಪ್ರಕಟಿಸುತ್ತಿದ್ದ ದಿ ಎಲೆಕ್ಟ್ರಿಷಿಯನ್ ಪತ್ರಿಕೆಯ ಸಂಪಾದಕರು ಅದೇ ವರ್ಷ ಬದಲಾದರು, ಹೊಸ ಸಂಪಾದಕರು ಮಾಲೆಯನ್ನು ನಿಲ್ಲಿಸಿದರು. ಆದಾಯವೇ ಇಲ್ಲದ ಮನುಷ್ಯನಿಗೆ ಬರೆಯುವ ಜಾಗವೂ ಇಲ್ಲದಂತಾಯಿತು.

ಮರುವರ್ಷ ಗಾಳಿ ಬದಲಾಯಿತು. 1888ರಲ್ಲಿ ಹರ್ಟ್ಸ್ ವಿದ್ಯುತ್ಕಾಂತೀಯ ಅಲೆಗಳನ್ನು ಪ್ರಯೋಗದಿಂದ ತೋರಿಸಿಕೊಟ್ಟಾಗ ಮ್ಯಾಕ್ಸ್‌ವೆಲ್ ಸಿದ್ಧಾಂತಕ್ಕೆ ಜೀವ ಬಂತು. ಅದನ್ನು ಬಲ್ಲವರು ಯಾರೆಂದು ಹುಡುಕಿದವರಿಗೆ ಹೆವಿಸೈಡರ ಹೆಸರು ಕಂಡಿತು. ಆಲಿವರ್ ಲಾಜ್ ಮತ್ತು ಐರ್ಲೆಂಡಿನ ಫಿಟ್ಸ್‌ಜೆರಾಲ್ಡ್ ಅವರ ಆಪ್ತ ಬೆಂಬಲಿಗರಾದರು. 1889ರ ಜನವರಿಯಲ್ಲಿ ಕೆಲ್ವಿನ್ ವಿದ್ಯುತ್ ಎಂಜಿನಿಯರುಗಳ ಸಂಸ್ಥೆಯ ಅಧ್ಯಕ್ಷಪೀಠದಿಂದಲೇ ಅವರ ಕೆಲಸವನ್ನು ಮೆಚ್ಚಿ ಮಾತನಾಡಿದರು. 1891ರಲ್ಲಿ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು.

ಇಂಡಕ್ಟೆನ್ಸ್ ಹೆಚ್ಚಿಸುವ ಉಪಾಯ ಮಾತ್ರ ಇಂಗ್ಲೆಂಡಿನಲ್ಲಿ ಕಾರ್ಯಗತವಾಗಲಿಲ್ಲ. 1899-1900ರಲ್ಲಿ ಅಮೆರಿಕದಲ್ಲಿ ಜಾರ್ಜ್ ಕ್ಯಾಂಬೆಲ್ ಮತ್ತು ಮೈಕೆಲ್ ಪ್ಯೂಪಿನ್ ತಂತಿಯುದ್ದಕ್ಕೂ ಲೆಕ್ಕದ ಅಂತರದಲ್ಲಿ ಸುರುಳಿಗಳನ್ನು ಕೂರಿಸುವ ವಿಧಾನವನ್ನು ರೂಪಿಸಿದರು. ಪೇಟೆಂಟಿನ ಹಕ್ಕಿಗಾಗಿ ಅಲ್ಲಿನ ದೂರವಾಣಿ ಕಂಪನಿ ಪ್ಯೂಪಿನ್ ಅವರಿಗೆ ಕೊಟ್ಟ ಹಣ ನಾಲ್ಕು ಲಕ್ಷ ಡಾಲರಿಗೂ ಮಿಕ್ಕಿದ್ದು. ಮೂಲ ಸೂತ್ರವನ್ನು ಪೇಟೆಂಟ್ ಮಾಡದೆ ಪತ್ರಿಕೆಯಲ್ಲಿ ಬರೆದು ಹಂಚಿದ್ದ ಹೆವಿಸೈಡರಿಗೆ ಅದರಿಂದ ಬಂದದ್ದೇನೂ ಇಲ್ಲ.

ಒಪ್ಪಿಗೆಯಾಗದ ಉತ್ತರಪತ್ರಿಕೆ

ನಿಯಂತ್ರಣ ವಿದ್ಯೆಗೆ ಹೆವಿಸೈಡ್ ಕೊಟ್ಟ ದೊಡ್ಡ ಕೊಡುಗೆ ಕಾರಕ ಗಣಿತ. ಅದನ್ನು ಒಂದು ಉದಾಹರಣೆಯಿಂದಲೇ ತಿಳಿಯುವುದು ಲೇಸು.

100 ಕಿಲೋ ಓಮ್ ರೋಧಕಕ್ಕೆ 10 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಸರಣಿಯಲ್ಲಿ ಜೋಡಿಸಿದ್ದೇವೆ ಎಂದುಕೊಳ್ಳೋಣ. ಎರಡನ್ನೂ ಗುಣಿಸಿದರೆ 1 ಸೆಕೆಂಡ್ ಬರುತ್ತದೆ. ಇದು ಈ ಮಂಡಲದ ಕಾಲಸ್ಥಿರಾಂಕ. ಇದಕ್ಕೆ ಒಂದು ಮೆಟ್ಟಿಲನ್ನು ಕೊಟ್ಟರೆ ಕೆಪಾಸಿಟರಿನ ವೋಲ್ಟೇಜ್ ಹೇಗೆ ಏರುತ್ತದೆ? ರೂಢಿಯ ದಾರಿಯಲ್ಲಿ ಹೋದರೆ ಅವಕಲ ಸಮೀಕರಣವನ್ನು ಬರೆದು ಬಿಡಿಸಬೇಕು. ಹೆವಿಸೈಡ್ ಬೇರೆ ದಾರಿ ಹಿಡಿದರು. ಕಾಲಕ್ಕೆ ಅನುಗುಣವಾಗಿ ಅವಕಲನ ಮಾಡು ಎಂಬ ಆಜ್ಞೆಗೆ ಅವರು ‘ಪಿ’ ಎಂಬ ಅಕ್ಷರವನ್ನಿಟ್ಟರು. ಆಮೇಲೆ ಆ ‘ಪಿ’ಯನ್ನು ಒಂದು ಸಾಮಾನ್ಯ ಸಂಖ್ಯೆಯೆಂಬಂತೆ ಕೂಡಿಸಿ, ಗುಣಿಸಿ, ಭಾಗಿಸಿದರು. ‘ಪಿ’ಯಿಂದ ಭಾಗಿಸುವುದೆಂದರೆ ಅನುಕಲನ ಮಾಡುವುದು. ಹಾಗೆ ನೋಡಿದರೆ ಈ ಮಂಡಲದ ಉತ್ತರವೆಂದರೆ ಒಂದನ್ನು ‘ಒಂದು ಕೂಡಿಸು ಪಿ’ಯಿಂದ ಭಾಗಿಸಿ, ಬಂದದ್ದನ್ನು ಮೆಟ್ಟಿಲಿನ ಮೇಲೆ ಪ್ರಯೋಗಿಸುವುದು, ಅಷ್ಟೇ. ಶಾಲೆಯ ಬೀಜಗಣಿತದ ಭಾಗಾಕಾರದಂತೆಯೇ ಅದನ್ನು ಬಿಡಿಸಿದರೆ ಒಂದು ಶ್ರೇಣಿ ಬರುತ್ತದೆ: ಒಮ್ಮೆ ಅನುಕಲಿಸಿದ್ದು, ಅದರಿಂದ ಎರಡು ಬಾರಿ ಅನುಕಲಿಸಿದ್ದನ್ನು ಕಳೆದದ್ದು, ಅದಕ್ಕೆ ಮೂರು ಬಾರಿ ಅನುಕಲಿಸಿದ್ದನ್ನು ಕೂಡಿಸಿದ್ದು, ಹೀಗೆ. ಮೆಟ್ಟಿಲನ್ನು ಒಮ್ಮೆ ಅನುಕಲಿಸಿದರೆ ಕಾಲ, ಎರಡು ಬಾರಿಗೆ ಕಾಲದ ವರ್ಗದ ಅರ್ಧ, ಮೂರು ಬಾರಿಗೆ ಕಾಲದ ಘನದ ಆರನೆಯ ಒಂದು ಪಾಲು.

1 ಸೆಕೆಂಡ್ ಕಳೆದಾಗಿನ ಲೆಕ್ಕ ಹಾಕೋಣ. 1ರಿಂದ 0.5 ಕಳೆದು, 0.1667 ಕೂಡಿಸಿ, 0.0417 ಕಳೆದು, 0.0083 ಕೂಡಿಸಿ, 0.0014 ಕಳೆದರೆ ಆರೇ ಪದಗಳಲ್ಲಿ 0.632 ಬರುತ್ತದೆ. ಪ್ರಯೋಗಾಲಯದಲ್ಲಿ 5 ವೋಲ್ಟ್ ಕೊಟ್ಟ ವಿದ್ಯಾರ್ಥಿ 1 ಸೆಕೆಂಡಿನ ತರುವಾಯ ಪರದೆಯ ಮೇಲೆ ಕಾಣುವುದು ಸುಮಾರು 3.16 ವೋಲ್ಟ್, ಅಂದರೆ 5ರ ನೂರಕ್ಕೆ 63.2 ಭಾಗ. ಅವಕಲ ಸಮೀಕರಣವನ್ನು ಕ್ರಮಬದ್ಧವಾಗಿ ಬಿಡಿಸಿದರೂ ಇದೇ ಉತ್ತರ. ಕ್ಲಿಷ್ಟವಾದ ಕಲನದ ಲೆಕ್ಕ ಹೀಗೆ ಬೀಜಗಣಿತವಾಗಿಬಿಟ್ಟಿತು.

ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ 1893ರಲ್ಲಿ ಈ ವಿಷಯದ ಎರಡು ಭಾಗಗಳು ಪ್ರಕಟವಾದವು. ಸೊಸೈಟಿಯ ಸದಸ್ಯರ ಪ್ರಬಂಧಗಳನ್ನು ಪರಿಶೀಲನೆಗೆ ಕಳಿಸದೆಯೇ ಅಚ್ಚು ಮಾಡುವುದು ಅಲ್ಲಿನ ಸಂಪ್ರದಾಯವಾಗಿತ್ತು. ಆದರೆ ಗಣಿತಜ್ಞರು ಗೊಣಗತೊಡಗಿದ್ದರು. ಅಕ್ಷರವನ್ನು ಸಂಖ್ಯೆಯಂತೆ ಭಾಗಿಸಬಹುದೆಂದು ಸಾಧಿಸಿದವರಾರು? ಪದಗಳು ಮೊದಲು ಕಿರಿದಾಗಿ ಆಮೇಲೆ ಹಿರಿದಾಗುತ್ತ ಹೋಗುವ, ಪೂರ್ತಿ ಕೂಡಿದರೆ ಮೊತ್ತವೇ ಸಿಗದ ಶ್ರೇಣಿಗಳನ್ನೂ ಹೆವಿಸೈಡ್ ಬಳಸುತ್ತಿದ್ದರು. ಅತಿ ಕಿರಿದಾದ ಪದದ ಬಳಿ ನಿಲ್ಲಿಸಿ ಸರಿಯುತ್ತರ ತೆಗೆಯುತ್ತಿದ್ದರು. ಅದಕ್ಕೆ ಆಧಾರವೇನು? 1894ರಲ್ಲಿ ಮೂರನೆಯ ಭಾಗ ಬಂದಾಗ ಸಂಪ್ರದಾಯವನ್ನು ಮುರಿದು ಅದನ್ನು ವಿಲಿಯಂ ಬರ್ನ್‌ಸೈಡ್ ಎಂಬ ಗಣಿತಜ್ಞರ ಪರಿಶೀಲನೆಗೆ ಕಳಿಸಲಾಯಿತು. ಅವರ ವರದಿ ಪ್ರತಿಕೂಲವಾಗಿತ್ತು. ಪ್ರಬಂಧ ತಿರಸ್ಕೃತವಾಯಿತು.

ಇಲ್ಲಿ ಇಬ್ಬರ ಬಗೆಗೂ ನ್ಯಾಯವಾಗಿ ಯೋಚಿಸಬೇಕು. ಬರ್ನ್‌ಸೈಡ್ ಸಣ್ಣ ಮನುಷ್ಯರಲ್ಲ, ಗುಂಪುಗಳ ಸಿದ್ಧಾಂತದಲ್ಲಿ ಅವರ ಹೆಸರು ಇಂದಿಗೂ ಉಳಿದಿದೆ. ಸಾಧನೆಯಿಲ್ಲದ ವಿಧಾನ ಇಂದು ಸರಿಯುತ್ತರ ಕೊಟ್ಟು ನಾಳೆ ತಪ್ಪುತ್ತರ ಕೊಡಬಹುದೆಂಬ ಗಣಿತಜ್ಞರ ಭಯ ಸಕಾರಣವೇ ಆಗಿತ್ತು. ಆ ವಿಧಾನ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂಬ ಗಡಿಯನ್ನು ಹೆವಿಸೈಡ್ ಸ್ಪಷ್ಟವಾಗಿ ಗುರುತಿಸಿರಲಿಲ್ಲ. ಆದರೆ ಅವರಿಗೆ ಒಂದು ಒರೆಗಲ್ಲಿತ್ತು. ಬಂದ ಉತ್ತರವನ್ನು ತಂತಿಯ ನಡವಳಿಕೆಯೊಡನೆ, ತಿಳಿದಿದ್ದ ಬೇರೆ ಪರಿಹಾರಗಳೊಡನೆ, ಸಂಖ್ಯೆಗಳಿಂದ ಮಾಡಿದ ನೇರ ಲೆಕ್ಕದೊಡನೆ ಅವರು ಹೋಲಿಸಿ ನೋಡುತ್ತಿದ್ದರು. ಗಣಿತವೂ ಪ್ರಯೋಗದ ವಿದ್ಯೆಯೇ, ಮೊದಲು ದಾರಿ ಕಾಣಬೇಕು, ಆಮೇಲೆ ಅದನ್ನು ಕಲ್ಲುಹಾಸಿ ಭದ್ರಪಡಿಸಬೇಕು ಎಂಬುದು ಅವರ ನಂಬಿಕೆ. ಸೊಸೈಟಿ ತಿದ್ದುಪಡಿ ಕೇಳಬಹುದಿತ್ತು. ಎಲ್ಲಿ ಸಾಧನೆ ಬೇಕೆಂದು ಸೂಚಿಸಿ ಅಚ್ಚು ಮಾಡಬಹುದಿತ್ತು. ಅದರ ಬದಲು ಬಾಗಿಲು ಮುಚ್ಚಿತು. ತಿರಸ್ಕೃತವಾದ ವಿಷಯವನ್ನು ಹೆವಿಸೈಡ್ ತಮ್ಮ ವಿದ್ಯುತ್ಕಾಂತೀಯ ಸಿದ್ಧಾಂತ ಎಂಬ ಗ್ರಂಥದ ಎರಡನೆಯ ಸಂಪುಟದಲ್ಲಿ ಸೇರಿಸಿದರು. 1899ರಲ್ಲಿ ಅದು ಹೊರಬಂತು.

ಪದಗಳನ್ನು ಕಟ್ಟಿದವರು

ಭಾಷೆಯ ಬಗೆಗೆ ಕಾಳಜಿಯುಳ್ಳವರು ಗಮನಿಸಬೇಕಾದ ಸಂಗತಿಯೊಂದು ಇಲ್ಲಿದೆ. ಇಂಡಕ್ಟೆನ್ಸ್, ಇಂಪಿಡೆನ್ಸ್, ಕಂಡಕ್ಟೆನ್ಸ್, ಅಡ್ಮಿಟೆನ್ಸ್, ರಿಲಕ್ಟೆನ್ಸ್ ಮುಂತಾದ ಪದಗಳಿಲ್ಲದೆ ಇಂದು ವಿದ್ಯುತ್ ಶಾಸ್ತ್ರದ ಒಂದು ಪುಟವೂ ಸಾಗದು. ಇವನ್ನು 1885ರಿಂದ 1888ರವರೆಗಿನ ನಾಲ್ಕು ವರ್ಷಗಳಲ್ಲಿ ಹೆವಿಸೈಡ್ ತಮ್ಮ ಲೇಖನಗಳಲ್ಲಿ ಬಳಕೆಗೆ ತಂದರು. ಅದಕ್ಕೆ ಮುನ್ನ ಇಂಗ್ಲಿಷಿನಲ್ಲೂ ಈ ಕಲ್ಪನೆಗಳಿಗೆ ಉದ್ದುದ್ದದ ವಿವರಣೆಗಳಿದ್ದವು, ಇಲ್ಲವೇ ಗೊಂದಲದ ಹೆಸರುಗಳಿದ್ದವು. ಕಲ್ಪನೆ ಖಚಿತವಾಗಬೇಕಾದರೆ ಹೆಸರೂ ಖಚಿತವಾಗಿ, ಚಿಕ್ಕದಾಗಿ, ಒಂದಕ್ಕೊಂದು ಹೊಂದುವಂತೆ ಇರಬೇಕೆಂದು ಅವರು ಬಗೆದರು. ಕನ್ನಡ ಮಾಧ್ಯಮದಲ್ಲಿ ಓದಿ ಎಂಜಿನಿಯರಿಂಗ್ ಸೇರುವ ನಮ್ಮ ಮಕ್ಕಳು ಇಂತಹ ಪದಗಳ ಮುಂದೆ ಅಳುಕುವುದುಂಟು. ಇಂಗ್ಲಿಷ್ ಭಾಷೆ ಹುಟ್ಟುವಾಗಲೇ ಈ ಪದಗಳನ್ನು ಹೊತ್ತು ಬಂದಿರಲಿಲ್ಲ. ಕಾಲೇಜು ಮೆಟ್ಟಿಲು ಹತ್ತದ ಒಬ್ಬರು ಮನೆಯಲ್ಲಿ ಕುಳಿತು, ಬೇಕೆನಿಸಿದಾಗ, ಇವನ್ನು ಕಟ್ಟಿದರು. ವಿಷಯವನ್ನು ಆಳವಾಗಿ ಬಲ್ಲವರು ಯಾವ ಭಾಷೆಯಲ್ಲೂ ಇಂತಹ ಕೆಲಸ ಮಾಡಬಲ್ಲರು.

ಡೆವನ್ ತೀರದ ಕೊನೆಯ ವರ್ಷಗಳು

1889ರಲ್ಲಿ ತಂದೆತಾಯಿಯರೊಡನೆ ಹೆವಿಸೈಡ್ ಇಂಗ್ಲೆಂಡಿನ ನೈಋತ್ಯ ಕರಾವಳಿಯ ಪೇಯ್ನ್‌ಟನ್ ಊರಿಗೆ ಬಂದು, ಅಣ್ಣ ಚಾರ್ಲ್ಸ್ ನಡೆಸುತ್ತಿದ್ದ ಸಂಗೀತ ವಾದ್ಯಗಳ ಅಂಗಡಿಯ ಮೇಲಂತಸ್ತಿನಲ್ಲಿ ನೆಲೆಸಿದ್ದರು. 1894ರಲ್ಲಿ ತಾಯಿ, 1896ರಲ್ಲಿ ತಂದೆ ತೀರಿಕೊಂಡರು. ಪ್ರಬಂಧ ತಿರಸ್ಕೃತವಾದ ಅದೇ 1894ರಲ್ಲಿ ಸ್ನೇಹಿತರು ರಾಯಲ್ ಸೊಸೈಟಿಯ ಸಹಾಯನಿಧಿಯಿಂದ ಹಣ ಕೊಡಿಸಲು ಮುಂದಾದರು. ದಾನವೆಂದು ಬಗೆದು ಅವರು ಅದನ್ನು ನಿರಾಕರಿಸಿದರು. 1896ರಲ್ಲಿ ಸರ್ಕಾರ ವರ್ಷಕ್ಕೆ 120 ಪೌಂಡ್ ಗೌರವಧನ ಮಂಜೂರು ಮಾಡಿತು. ಇದು ದಾನವಲ್ಲ, ಮಾಡಿದ ಕೆಲಸಕ್ಕೆ ಸಂದ ಮನ್ನಣೆ ಎಂದು ಸ್ನೇಹಿತರು ಒಪ್ಪಿಸಿದ ಮೇಲೆ ಸ್ವೀಕರಿಸಿದರು. 1908ರಲ್ಲಿ ಟಾರ್ಕೀ ಎಂಬ ಊರಿಗೆ ತೆರಳಿ ಕೊನೆಯವರೆಗೂ ಅಲ್ಲೇ ಇದ್ದರು. ಮದುವೆಯಾಗಲಿಲ್ಲ. ವಯಸ್ಸಾದಂತೆ ಅವರ ಒಂಟಿತನವೂ ವಿಲಕ್ಷಣ ನಡವಳಿಕೆಯೂ ಹೆಚ್ಚಿದವು.

ಬುದ್ಧಿಯ ಹೊಳಪು ಮಾತ್ರ ಕುಂದಲಿಲ್ಲ. ಮಾರ್ಕೋನಿಯ ರೇಡಿಯೋ ಸಂಕೇತಗಳು ಭೂಮಿಯ ಬಾಗಿದ ಮೈಯನ್ನು ಅನುಸರಿಸಿ ಅಟ್ಲಾಂಟಿಕ್ ಸಾಗರವನ್ನು ದಾಟಿದ್ದು ಹೇಗೆಂಬುದು ಆಗ ಒಗಟಾಗಿತ್ತು. ವಾತಾವರಣದ ಮೇಲ್ಭಾಗದಲ್ಲಿ ವಿದ್ಯುತ್ತು ಹರಿಯಬಲ್ಲ ಪದರವೊಂದು ಇರಬಹುದೆಂದು 1902ರಲ್ಲಿ ವಿಶ್ವಕೋಶದ ಲೇಖನವೊಂದರಲ್ಲಿ ಅವರು ಸೂಚಿಸಿದರು. ಅಮೆರಿಕದಲ್ಲಿ ಆರ್ಥರ್ ಕೆನೆಲಿ ಅದೇ ವರ್ಷ ಅದನ್ನೇ ಹೇಳಿದರು. ಆ ಪದರ ಇರುವುದನ್ನು 1924ರಲ್ಲಿ ಎಡ್ವರ್ಡ್ ಆಪಲ್ಟನ್ ಪ್ರಯೋಗದಿಂದ ಖಚಿತಪಡಿಸಿದರು. 1905ರಲ್ಲಿ ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ವಿದ್ಯುತ್ ಎಂಜಿನಿಯರುಗಳ ಸಂಸ್ಥೆ ಸ್ಥಾಪಿಸಿದ ಫ್ಯಾರಡೆ ಪದಕವನ್ನು 1922ರಲ್ಲಿ ಮೊತ್ತಮೊದಲು ಪಡೆದವರು ಅವರೇ. 1925ರ ಫೆಬ್ರವರಿ 3ರಂದು, ಏಣಿಯಿಂದ ಬಿದ್ದು ಹಾಸಿಗೆ ಹಿಡಿದಿದ್ದ ಹೆವಿಸೈಡ್ ಟಾರ್ಕೀಯಲ್ಲಿ ಕೊನೆಯುಸಿರೆಳೆದರು. ಪೇಯ್ನ್‌ಟನ್ನಿನಲ್ಲಿ ತಂದೆತಾಯಿಯರ ಸಮಾಧಿಯಲ್ಲೇ ಅವರನ್ನೂ ಮಣ್ಣು ಮಾಡಲಾಯಿತು.

ಆಮೇಲೆ ಬಂದ ಸಾಧನೆ

ಹೆವಿಸೈಡ್ ಬದುಕಿದ್ದಾಗಲೇ, 1916ರಲ್ಲಿ, ಕೇಂಬ್ರಿಜ್‌ನ ಗಣಿತಜ್ಞ ಬ್ರೊಮ್‌ವಿಚ್ ಅವರ ವಿಧಾನಕ್ಕೆ ಸಂಮಿಶ್ರ ಸಂಖ್ಯೆಗಳ ಗಣಿತದಿಂದ ದೃಢವಾದ ಆಧಾರ ಒದಗಿಸಿದ್ದರು. ಅಮೆರಿಕದ ದೂರವಾಣಿ ಎಂಜಿನಿಯರ್ ಜಾನ್ ಕಾರ್ಸನ್ 1926ರಲ್ಲಿ ಅದನ್ನು ಪುಸ್ತಕವಾಗಿ ವಿವರಿಸಿದರು. ಹೆವಿಸೈಡರ ‘ಪಿ’ ಹದಿನೆಂಟನೆಯ ಶತಮಾನದಲ್ಲಿ ಹುಟ್ಟಿದ ಫ್ರೆಂಚ್ ಗಣಿತಜ್ಞ ಲಾಪ್ಲಾಸರ ಪರಿವರ್ತನೆಯ ಚೌಕಟ್ಟಿನೊಳಗೆ ಸಹಜವಾಗಿ ಕುಳಿತಿತು. ಬಹುತೇಕ ಪುಸ್ತಕಗಳಲ್ಲಿ ಆ ಅಕ್ಷರ ‘ಎಸ್’ ಆಗಿದೆ, ವಿಧಾನದ ಹೆಸರು ಲಾಪ್ಲಾಸ್ ಪರಿವರ್ತನೆ ಎಂದಾಗಿದೆ. ಎಂಜಿನಿಯರುಗಳ ಕೈಗೆ ಅದನ್ನು ಉಪಕರಣವಾಗಿ ಕೊಟ್ಟವರು ಹೆವಿಸೈಡ್.

ಅವರ ಚಿಂತನೆಯಿಂದ ಸುಧಾರಿಸಿದ ದೂರವಾಣಿ ತಂತಿಗಳ ಲೋಕದಲ್ಲೇ ನಿಯಂತ್ರಣ ವಿದ್ಯೆಯ ಮುಂದಿನ ಹೆಜ್ಜೆಗಳೂ ಮೂಡಿದವು. ದೂರದ ಕರೆಗಳನ್ನು ವರ್ಧಿಸುವಾಗ ಬರುವ ವಿಕೃತಿಯನ್ನು ತಗ್ಗಿಸಲು ಹೆರಾಲ್ಡ್ ಬ್ಲ್ಯಾಕ್ 1927ರಲ್ಲಿ ಋಣ ಹಿಂಪೂರಣದ ವರ್ಧಕವನ್ನು ಕಂಡುಹಿಡಿದರು. ಅಂತಹ ವರ್ಧಕ ಯಾವಾಗ ಸ್ಥಿರವಾಗಿರುತ್ತದೆ, ಯಾವಾಗ ತಾನಾಗಿ ಕಿರುಚತೊಡಗುತ್ತದೆ ಎಂಬುದಕ್ಕೆ ಹ್ಯಾರಿ ನೈಕ್ವಿಸ್ಟ್ 1932ರಲ್ಲಿ ನಿಯಮ ಕೊಟ್ಟರು. ಇಂದಿನ ವಿದ್ಯಾರ್ಥಿ ಮೋಟಾರಿನ ವೇಗವನ್ನು ಹಿಡಿತಕ್ಕೆ ತರುವಾಗ ಬರೆಯುವ ವರ್ಗಾವಣಾ ಫಲನ, ಅಂದರೆ ಒಳಗೆ ಕೊಟ್ಟದ್ದಕ್ಕೂ ಹೊರಗೆ ಬಂದದ್ದಕ್ಕೂ ಇರುವ ಅನುಪಾತ, ಹೆವಿಸೈಡರ ಕಾರಕ ಗಣಿತದ ನೇರ ಸಂತಾನ. ಮೋಟಾರಿನ ವೇಗ ಗುರಿಯನ್ನು ದಾಟಿ ಎಷ್ಟು ಮುಂದೆ ಹೋಯಿತು, ನೆಲೆನಿಲ್ಲಲು ಎಷ್ಟು ಸಮಯ ಹಿಡಿಯಿತು ಎಂಬುದನ್ನು ಅವನು ಗ್ರಾಫಿನ ಮೇಲೆ ಗುರುತು ಹಾಕುತ್ತಾನೆ. ಲೆಕ್ಕ ಹೇಳಿದ್ದೂ ಯಂತ್ರ ಮಾಡಿದ್ದೂ ಹೊಂದುತ್ತವೆಯೇ ಎಂದು ಪಕ್ಕಪಕ್ಕ ಇಟ್ಟು ನೋಡುತ್ತಾನೆ. ಹೆವಿಸೈಡ್ ತಮ್ಮ ವಿಧಾನಕ್ಕೆ ಹಿಡಿದಿದ್ದ ಒರೆಗಲ್ಲೂ ಅದೇ.

ತಿರಸ್ಕಾರದಿಂದ ಬ್ರೊಮ್‌ವಿಚ್ ಪ್ರಬಂಧದವರೆಗೆ ಇಪ್ಪತ್ತೆರಡು ವರ್ಷ ಕಳೆದವು. ನಷ್ಟವಾದದ್ದು ಹೆವಿಸೈಡ್ ಒಬ್ಬರಿಗೇ ಅಲ್ಲ, ಆ ವಿಧಾನವನ್ನು ಆಗಲೇ ಕಲಿಯಬಹುದಾಗಿದ್ದ ಒಂದು ತಲೆಮಾರಿಗೂ ನಷ್ಟವಾಯಿತು. ಸಾಧನೆಯ ಶಿಸ್ತನ್ನು ಶಿಕ್ಷಕರು ಸಡಿಲಿಸಬೇಕೆಂದು ಈ ಬದುಕು ಹೇಳುವುದಿಲ್ಲ. ಬ್ರೊಮ್‌ವಿಚ್ ಅವರ ಶಿಸ್ತು ಬಾರದೆ ಇದ್ದಿದ್ದರೆ ಹೆವಿಸೈಡರ ವಿಧಾನ ಕೈಚಳಕವಾಗಿಯೇ ಉಳಿಯುತ್ತಿತ್ತು. ಆದರೆ ಪಠ್ಯದಲ್ಲಿಲ್ಲದ ದಾರಿಯಿಂದ ಸರಿಯುತ್ತರಕ್ಕೆ ತಲುಪಿದ ಉತ್ತರಪತ್ರಿಕೆ ನಮ್ಮ ಮುಂದೆ ಬಂದಾಗ, ಕೆಂಪು ಶಾಯಿಯಿಂದ ಗೀಟು ಎಳೆಯುವ ಮೊದಲು ಬರೆದವರನ್ನು ಕರೆದು, ಈ ದಾರಿ ಹೇಗೆ ಕಂಡಿತೆಂದು ಕೇಳಬೇಕಾದದ್ದು ನಮ್ಮ ಕೆಲಸ. ಅದಕ್ಕೆ ಹಿಡಿಯುವ ಸಮಯ ಹೆಚ್ಚೆಂದರೆ ಹತ್ತು ನಿಮಿಷ.